ಇಳಿಯುತ್ತೆ ಅಣ್ಣನ ಹಸಿರು ಪರದೆ

ನನ್ನ ಹೊಲಿಗೆ ಅಂಗಡಿಗೂ ಅವನ ಬೋರ್ಡಿನ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ತೆಳು ಗೋಡೆ. ನನ್ನ ಮಷಿನ್ ಸದ್ದು ಅವನಿಗೆ, ಅವನ ಕೆಮ್ಮು ನನಗೆ. ತಗಡಿನ ಮೇಲೆ ಅಕ್ಷರ ಬರೆಯುವುದು ಅವನ ಕೆಲಸ. 'ಮನೆ ಮಾರಾಟಕ್ಕಿದೆ' ಎಂದು ಅವನಷ್ಟು ದುಂಡಗೆ ಬರೆಯುವವರು ನಮ್ಮ ಕಡೆ ಇನ್ನೊಬ್ಬರಿಲ್ಲ. ಆದರೂ ಬೀದಿಯವರೆಲ್ಲ ಅವನನ್ನು ಕರೆಯುವುದು 'ಇಳಿಯುತ್ತೆ ಅಣ್ಣ' ಎಂದೇ. ಮನೆ ಬೆಲೆಯ ಮಾತೆತ್ತಿದರೆ ಸಾಕು, ಕುಂಚ ಕೆಳಗಿಟ್ಟು, "ಇಳಿಯುತ್ತೆ, ಸ್ವಲ್ಪ ತಡ್ಕೊಳ್ಳಿ" ಎನ್ನುತ್ತಿದ್ದ.

ಅವನಿಗೆ ತನ್ನವರು ಅಂತ ಇದ್ದವಳು ಅಕ್ಕ ಒಬ್ಬಳೇ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು. ಬೇರೆ ಊರಿನ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿಕೊಂಡು, ಅಲ್ಲೇ ಉಗ್ರಾಣದ ಪಕ್ಕ ಒಂದು ಮಂಚದಲ್ಲಿ ಮಲಗುತ್ತಿದ್ದಳು. ಇವನಿಗೆ ಮದುವೆಯಿಲ್ಲ, ಅಂಗಡಿಯ ಹಿಂದೆ ಬಣ್ಣದ ಡಬ್ಬಗಳ ನಡುವೆ ಒಂದು ಚಾಪೆ, ಒಂದು ಪಂಪ್ ಸ್ಟೌ. ಅಕ್ಕ ಕೆಲಸ ಬಿಟ್ಟ ದಿನ ಇಲ್ಲಿಗೆ ಬರಬೇಕು, ಸ್ವಂತ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಇರಬೇಕು. ಅವರಿಬ್ಬರಿಗೂ ಇದ್ದ ಆಸೆ ಅದೊಂದೇ.

ಮನೆಯನ್ನೂ ಮನಸ್ಸಲ್ಲೇ ಗೊತ್ತು ಮಾಡಿಕೊಂಡಿದ್ದ. ಡ್ರೈವಿಂಗ್ ಮೇಷ್ಟ್ರ ಮೂಲೆಮನೆ, ಎರಡೇ ಕೋಣೆ, ಹತ್ತಲು ಮೆಟ್ಟಿಲಿಲ್ಲ, ಅಡುಗೆಮನೆಗೆ ಬೆಳಗಿನ ಬಿಸಿಲು. ಮಾರಾಟದ ಬೋರ್ಡು ಬರೆದವನೂ ಇವನೇ. ಅದನ್ನು ನೇತುಹಾಕಲು ಹೋದವನು ಕಿಟಕಿಗಳ ಅಳತೆ ತೆಗೆದುಕೊಂಡು ಬಂದ.

"ಟೇಲರಮ್ಮ, ಪರದೆ ಹೊಲಿದಿಡಿ. ಅಕ್ಕನಿಗೆ ತಿಳಿ ಹಸಿರು ಇಷ್ಟ."

"ಮನೇನೇ ಇಲ್ಲ, ಪರದೆ ಯಾಕಯ್ಯ?"

"ತಗೊಳ್ತೀನಲ್ಲ."

ನಾನು ಹೊಲಿದು ಕಪಾಟಿನಲ್ಲಿಟ್ಟೆ. ಆಗ ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ತಡೆದವನು ಇವನೇ. ಬಡ್ಡಿ ಏರುತ್ತಿದೆ, ಇನ್ನು ಯಾರಿಗೂ ಸಾಲ ಸಿಗುವುದಿಲ್ಲ, ಕೊಳ್ಳುವವರಿಲ್ಲದೆ ಬೆಲೆ ತಾನಾಗಿ ಬೀಳುತ್ತದೆ, ಆಗ ಕೂಡಿಟ್ಟದ್ದರಲ್ಲೇ ಮನೆ ಬರುತ್ತದೆ ಎಂಬುದು ಅವನ ಲೆಕ್ಕ. ಅರ್ಧ ಲೆಕ್ಕ ಸರಿಯಾಗಿಯೇ ಇತ್ತು. ಬ್ಯಾಂಕಿನವರು ಕೈ ಬಿಗಿ ಹಿಡಿದರು. ಸಂಬಳದ ಚೀಟಿ ಇಲ್ಲದವರನ್ನೆಲ್ಲ ಬಾಗಿಲಲ್ಲೇ ವಾಪಸು ಕಳಿಸಿದರು. ಇವನಿಗೂ ಸಾಲ ಇಲ್ಲ ಎಂದರು. ಇವನು ಮಾತ್ರ ಶಿಳ್ಳೆ ಹಾಕಿಕೊಂಡು ಬಂದ.

ಯಾಕೆಂದರೆ ಬೋರ್ಡಿನ ಕೆಲಸ ಮುಗಿಬಿದ್ದು ಬರುತ್ತಿತ್ತು. ಒಣಗಲು ಇಟ್ಟ ತಗಡುಗಳು ನನ್ನ ಬಾಗಿಲಿಗೂ ಅಡ್ಡ ಬಂದವು.

"ನೋಡಿ ಟೇಲರಮ್ಮ, ಊರಿಗೆ ಊರೇ ಮಾರೋಕೆ ನಿಂತಿದೆ. ಇಳೀದೆ ಎಲ್ಲಿಗೆ ಹೋಗುತ್ತೆ?"

"ಮನೆ ಏನು ಟೊಮೆಟೊನಾ, ಸಂಜೆ ಹೊತ್ತಿಗೆ ಕೊಳೆಯುತ್ತೆ ಅಂತ ಸಿಕ್ಕಿದ ರೇಟಿಗೆ ಕೊಡೋಕೆ? ಬೋರ್ಡು ಹಾಕ್ಕೊಂಡು ಕೂತಿರ್ತಾರೆ, ಅಷ್ಟೇ. ನಿನ್ನ ಬೋರ್ಡಿನ ಬಾಕಿ ಕೊಟ್ಟರೆ ಪುಣ್ಯ."

ಅವನು ಕ್ಯಾರೇ ಅನ್ನಲಿಲ್ಲ. ಬರೆದು ಬರೆದು ಅವನಿಗೆ ಊರೆಂದರೆ ಬರೀ ಬೋರ್ಡು ಎನಿಸಿಬಿಟ್ಟಿತ್ತು. ಮಾರಲು ಬಂದವರಿಗೆ ನಿಜವಾಗಿ ಅವಸರ ಇದೆಯೇ ಎಂದು ಒಮ್ಮೆಯೂ ಕೇಳಲಿಲ್ಲ.

ಒಂದು ದಿನ ಡ್ರೈವಿಂಗ್ ಮೇಷ್ಟ್ರು ಆ ಬೋರ್ಡನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಇವನ ಮುಖ ಅರಳಿತು.

"ಎಷ್ಟಕ್ಕೆ ಇಳಿಸಿದ್ರಿ ಮೇಷ್ಟ್ರೇ?"

"ಇಳಿಸೋದಾ? ನನಗೇನು ಅರ್ಜೆಂಟು? ಸಾಲ ಸಿಗದೋರೆಲ್ಲ ಬಾಡಿಗೆ ಮನೆ ಹುಡುಕ್ತಿದ್ದಾರೆ. 'ಮಾರಾಟಕ್ಕೆ' ಅನ್ನೋದು ಅಳಿಸಿ 'ಬಾಡಿಗೆಗೆ' ಅಂತ ಮಾಡು."

ಮೇಷ್ಟ್ರು ಆಚೆ ಹೋಗುವುದನ್ನೇ ಕಾದಿದ್ದು ನಾನು ಒಳಗೆ ನುಗ್ಗಿದೆ. "ಬೋರ್ಡು ಬರೀಲೇಬೇಡ. ನೀನೇ ಬಾಡಿಗೆಗೆ ತಗೋ. ಅಕ್ಕ ಕೆಲಸ ಬಿಡೋ ದಿನ ಬಂತು."

"ಬಾಡಿಗೆ ಕಟ್ತಾ ಕೂತ್ರೆ ಕೂಡಿಟ್ಟಿದ್ದು ಕರಗಿಹೋಗುತ್ತೆ. ನಾಳೆ ಬೆಲೆ ಇಳಿದಾಗ ನನ್ನ ಕೈಲಿ ಏನಿರುತ್ತೆ?"

"ಅಕ್ಕ ಇರ್ತಾಳಲ್ಲಯ್ಯ."

ಅವನು ತಲೆ ಎತ್ತದೆ ಚಿಂದಿಯಲ್ಲಿ ಹಳೇ ಅಕ್ಷರ ಉಜ್ಜುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ವಾರವೇ ಅಕ್ಕನ ಫೋನು ಬಂತು. ಕೈಯೆಲ್ಲ ಬಣ್ಣವಿರುತ್ತಿದ್ದುದರಿಂದ ಅವನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದ. ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತಿತ್ತು.

"ಮಂಚ ಖಾಲಿ ಮಾಡು ಅಂದ್ರು ಕಣೋ. ಬಾಡಿಗೆ ಮನೆ ಆದ್ರೂ ಪರವಾಗಿಲ್ಲ. ಒಂದು ಮೂಲೆ ಸಾಕು ನಂಗೆ."

"ಇನ್ನೊಂದು ಸ್ವಲ್ಪ ದಿನ ಅಕ್ಕ. ಇಳಿಯುತ್ತೆ."

"ಆಯ್ತು ಬಿಡು. ಪಾತ್ರೆ ತೊಳೆಯೋಳು ಅವಳ ಮನೆಗೆ ಬಾ ಅಂತಿದ್ದಾಳೆ. ಅಲ್ಲೇ ಇರ್ತೀನಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು."

ಮೂಲೆಮನೆಗೆ ಬಾಡಿಗೆಯವರು ಬಂದರು. ಮಾರನೇ ದಿನವೇ ಆ ಮನೆಯಾಕೆ ಕಿಟಕಿಗಳ ಅಳತೆ ಹಿಡಿದು ನನ್ನ ಅಂಗಡಿಗೆ ಬಂದಳು. ಬೋರ್ಡಿನವನು ಅಂದು ತಂದಿದ್ದ ಅಳತೆಗಳೇ ಅವು. ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಹೊಲಿದಿಟ್ಟಿರೋದು ಏನಾದ್ರೂ ಇದ್ಯಾ? ಬೀದಿ ದೀಪ ಸೀದಾ ಕಣ್ಣಿಗೇ ಹೊಡೆಯುತ್ತೆ."

"ಇಲ್ಲಮ್ಮ," ಎಂದೆ.

"ಇದೆಯಲ್ಲ ಟೇಲರಮ್ಮ, ಹಸಿರದು," ಎಂದ ಅವನು. "ಕೊಟ್ಬಿಡಿ."

ಕಪಾಟಿನಿಂದ ತೆಗೆದುಕೊಟ್ಟೆ. ಆಕೆ ಬಿಡಿಸಿ, ಮೊಳ ಹಾಕಿ, "ಅಯ್ಯೋ, ಹೇಳಿ ಮಾಡಿಸಿದ ಹಾಗಿದೆ" ಎಂದಳು. "ಚಿಕ್ಕದು ಅಡುಗೆಮನೇದು," ಎಂದ ಅವನು. "ಬೆಳಿಗ್ಗೆ ಹೊತ್ತು ಅದನ್ನ ಸರಿಸಿಡಿ. ಒಳ್ಳೆ ಬಿಸಿಲು ಬರುತ್ತೆ." ಟೀ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಅಂದು ಸಂಜೆ ಗೋಡೆಯಾಚೆ ಫೋನಿನ ಸದ್ದು. ನಾನು ಮಷಿನ್ ತುಳಿಯುವುದನ್ನು ನಿಲ್ಲಿಸಿದೆ.

"ಅಕ್ಕ, ಬಂದ್ಬಿಡು. ಬಾಡಿಗೆಗೇ ಒಂದು ಮನೆ ಹುಡುಕ್ತೀನಿ."

"ಈಗ್ಯಾಕೋ? ನಂಗೆ ಇಲ್ಲೇ ಒಗ್ಗಿಹೋಯ್ತು. ಅವಳಿಗೂ ಯಾರೂ ಇಲ್ಲ, ನಾನು ಹೋಗ್ತೀನಿ ಅಂದ್ರೆ ಅಳ್ತಾಳೆ. ನಿಂದು ಊಟ ಆಯ್ತಾ?"

"ಆಯ್ತು ಅಕ್ಕ."

ಅಂದು ಅವನು ಸ್ಟೌ ಹಚ್ಚಿದ ಸದ್ದು ನನಗೆ ಕೇಳಿಯೇ ಇರಲಿಲ್ಲ.