ದೋನ್ ಎರ್ಮಿಲೊ ಕೊಟ್ಟ ಔಟು

ಮೆಕ್ಸಿಕೊ ನಗರದಲ್ಲಿ ನನ್ನ ದನಿ ಕೇಳದ ಮನೆಯಿಲ್ಲ, ನನ್ನ ಮುಖ ಗುರುತಿಸುವ ನಾಯಿಯೂ ಇಲ್ಲ. ಟೀವಿಯಲ್ಲಿ ಬರುವ ಅಮೆರಿಕದ ಕಾರ್ಟೂನ್ ಸಂಸಾರವೊಂದರ ಬೊಜ್ಜಿನ ಅಪ್ಪನಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವವನು ನಾನು. ಬೊಜ್ಜು ಮಾತ್ರ ಅವನಿಂದ ತಂದದ್ದಲ್ಲ, ಸ್ವಂತ ದುಡಿಮೆ.

ದೋನ್ ಎರ್ಮಿಲೊ ನಮ್ಮ ಬಡಾವಣೆಯಲ್ಲಿ ಗ್ಯಾಸ್ ಮಾರುವವರು. ದೋನ್ ಅಂದರೆ ನಮ್ಮಲ್ಲಿ ಯಜಮಾನರೇ ಅಂದ ಹಾಗೆ. ವಾರವೆಲ್ಲ ಲಾರಿಯ ಹಿಂದೆ ನಿಂತು ಬೀದಿಗೆ ಕೇಳುವಂತೆ ಕೂಗುತ್ತಾರೆ. ಭಾನುವಾರ ವಿಮಾನ ನಿಲ್ದಾಣದ ಗೋಡೆಯಾಚೆಯ ಕೆಂಪು ಬಯಲಿನಲ್ಲಿ ಬೇಸ್‌ಬಾಲ್ ಅಂಪೈರು. ಆಟ ಮುಗಿದ ಮೇಲೆ ಅಂಪೈರಿಗೆ ಊಟ ಹಾಕುವುದು ಸೋತ ತಂಡ. ಮೋಸವಾಯಿತು ಅನ್ನಿಸಿದರೆ ಹಾಕುವುದಿಲ್ಲ. ಎರ್ಮಿಲೊ ಅದುವರೆಗೆ ಎಂದೂ ಹಸಿದು ಮನೆಗೆ ಹೋದವರಲ್ಲ. ಅವರ ಆಸ್ತಿ ಅದೊಂದೇ.

ಕಾರ್ಟೂನಿನಲ್ಲಿ ಬೇಸ್‌ಬಾಲ್ ಕಂತು ಬಂದಾಗ ನಿರ್ದೇಶಕಿ ಒತಿಲಿಯಾ ನಿಜವಾದ ಅಂಪೈರಿನ ಗಂಟಲೇ ಬೇಕೆಂದಳು. ನಾನು ಇವರನ್ನು ಕರೆದುಕೊಂಡು ಹೋದೆ.

ದನಿಮುದ್ರಣದ ಕತ್ತಲ ಕೋಣೆ. ಪರದೆಯ ಮೇಲೆ ನನ್ನ ಬೊಜ್ಜಿನವನು ನೆಲದಲ್ಲಿ ಹುದುಗಿಸಿದ ಬಿಳಿ ಹಲಗೆಯತ್ತ ಜಾರುತ್ತಾನೆ. ಚೆಂಡು ಹಿಡಿದವನು ಅದನ್ನು ಮೈಗೆ ತಾಕಿಸುವ ಮೊದಲೇ ಹಲಗೆ ಮುಟ್ಟಿದರೆ ಸೇಫ್, ಇಲ್ಲವಾದರೆ ಔಟ್. ಧೂಳೇಳುತ್ತದೆ, ಅಂಪೈರು ಬಾಯಿ ತೆರೆಯುತ್ತಾನೆ. ಎರ್ಮಿಲೊ ಹೇಳಬೇಕಾದದ್ದು ಒಂದೇ ಮಾತು, ಔಟ್.

ಅವರು ಸೇಫ್ ಅಂದರು.

ಮತ್ತೆ ಹಾಕಿದರು. ಮತ್ತೆ ಸೇಫ್. ಕಾಗದದಲ್ಲಿ ಔಟ್ ಅಂತ ಬರೆದಿದೆಯೆಂದು ಒತಿಲಿಯಾ ಮೆತ್ತಗೆ ನೆನಪಿಸಿದಳು.

"ಕೈ ಮೊದ್ಲು ಮುಟ್ತು ಕಣಮ್ಮ," ಅಂದರು ಎರ್ಮಿಲೊ.

"ಅದು ಬರೀ ಚಿತ್ರ, ದೋನ್ ಎರ್ಮಿಲೊ."

"ಚಿತ್ರ ಬರ್ದೋನೇ ಮುಟ್ಸಿದಾನಲ್ಲ!"

ಬೊಜ್ಜಿನವನು ಮತ್ತೆ ಮತ್ತೆ ಜಾರಿದ. ಧೂಳು ಎದ್ದು, ತೇಲಿ, ಇಳಿದು, ಪುನಃ ಏಳುತ್ತಿತ್ತು. ನೋಡುತ್ತ ನೋಡುತ್ತ ನನಗೂ ಮಂಪರು. ಆ ಹೊಟ್ಟೆ ಹೊತ್ತು ಓಡುತ್ತಿರುವವನು ನಾನೇ, ಹಲಗೆ ಹತ್ತಿರವಾಗುತ್ತಲೇ ಇದೆ, ಎಂದಿಗೂ ತಲುಪುವುದಿಲ್ಲ. ಪರದೆಯ ನೀಲಿ ಬೆಳಕಿನಲ್ಲಿ ಎರ್ಮಿಲೊ ಮಂಡಿ ಬಾಗಿಸಿ ಕೂತಿದ್ದರು, ಬಯಲಿನಲ್ಲಿ ಕೂರುವ ಹಾಗೆಯೇ. ನಾಳೆ ಬೀದಿಯೆಲ್ಲ ಕೇಳುವ ದನಿ ಅದು. ಸುಳ್ಳು ತೀರ್ಪು ಕೊಟ್ಟರೆ ಯಾವ ಮುಖದಿಂದ ಸೋತವರ ತಟ್ಟೆಗೆ ಕೈ ಹಾಕುವುದು?

ಕೊನೆಗೆ, ಔಟ್ ಆದ ಮೇಲೆ ಏನಾಗುತ್ತದೆ ಎಂದು ಕೇಳಿದರು. ತಿಂಗಳುಗಟ್ಟಲೆ ಅಪ್ಪನೊಡನೆ ಮಾತು ಬಿಟ್ಟಿದ್ದ ಮಗಳು ಓಡಿಬಂದು ತಬ್ಬಿಕೊಳ್ಳುತ್ತಾಳೆ ಎಂದೆ.

"ಸೇಫ್ ಅಂದ್ರೆ ಬರಲ್ವಾ?"

"ಗೆದ್ದೋರನ್ನ ತಬ್ಬೋಕೆ ಊರೇ ಇರುತ್ತಲ್ಲ ದೋನ್. ಅವಳು ಬರೋದು ಸೋತ್ರೇನೇ."

ಅವರು ಪರದೆಯತ್ತ ತಿರುಗಿದರು. ಧೂಳು ಮತ್ತೊಮ್ಮೆ ಎದ್ದಿತು. 'ಔಟ್' ಎಂದು ಕೋಣೆ ನಡುಗುವಂತೆ ಕೂಗಿದರು. ಆದರೆ ಎರಡೂ ತೋಳು ಅಗಲಕ್ಕೆ ಚಾಚಿದ್ದವು. ಬಯಲಿನಲ್ಲಿ ಅದು ಸೇಫ್ ಅನ್ನುವ ಸನ್ನೆ. ಮೈಕಿಗೆ ತೋಳು ಕೇಳಿಸುವುದಿಲ್ಲ, ಒತಿಲಿಯಾ ಸದ್ಯ ಮುಗಿಯಿತೆಂದು ನಿಟ್ಟುಸಿರುಬಿಟ್ಟಳು.

ಕಂತು ಪ್ರಸಾರವಾದ ಮೇಲಿನ ಭಾನುವಾರ ನಾನು ಹಂದಿಮಾಂಸ ಸುತ್ತಿದ ಟಾಕೊ ರೊಟ್ಟಿಗಳ ತಟ್ಟೆ ಹಿಡಿದು ಬಯಲಿಗೆ ಹೋದೆ. ಸೋತವನು ನಾನು, ಪದ್ಧತಿ ಪದ್ಧತಿಯೇ. ಕಾರ್ಟೂನಿನ ಅಪ್ಪನಿಗೆ ಅನ್ಯಾಯ ಮಾಡಿದರೆಂದು ಹುಡುಗರು ಆಗಲೇ ಅವರನ್ನು ಕುರುಡ ಎಂದು ರೇಗಿಸುತ್ತಿದ್ದರು. ಎರ್ಮಿಲೊ ತಟ್ಟೆಯನ್ನು ನನ್ನತ್ತಲೇ ತಳ್ಳಿದರು.

"ನೀನೇ ತಿನ್ನು ಮಾರಾಯ. ಕೈ ಮೊದ್ಲು ಮುಟ್ಟಿತ್ತು."

ಆ ಭಾನುವಾರ ಎರ್ಮಿಲೊ ಸೋತ ತಂಡದ ಊಟವನ್ನೂ ಮುಟ್ಟದೆ ಮೊದಲ ಸಲ ಹಸಿದು ಮನೆಗೆ ಹೋದರು. ತಟ್ಟೆ ನಾನೇ ಖಾಲಿ ಮಾಡಿದೆ. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಎರಡೂ ರೆಕ್ಕೆ ಅಗಲಕ್ಕೆ ಚಾಚಿಕೊಂಡು.