ಮಂಜಜ್ಜ ಮುಚ್ಚಿದ ಪೆನ್ನು

ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ, ಹಳೆಯ ಕನ್ನಡಕಗಳ ಪಕ್ಕದಲ್ಲಿ, ಕುತ್ತಿಗೆಗೆ ಕರಿಯ ಮಫ್ಲರ್ ಸುತ್ತಿಕೊಂಡಂತೆ ಕಾಣುವ ಹಸಿರು ಫೌಂಟನ್ ಪೆನ್ನೊಂದು ಮಲಗಿದೆ. ಅದು ಬರೆಯುವುದಿಲ್ಲ, ಸೋರುವುದೂ ಇಲ್ಲ. ಒಂದು ಕಾಲದಲ್ಲಿ ಎರಡನ್ನೂ ಸಮಾನ ಉತ್ಸಾಹದಿಂದ ಮಾಡುತ್ತಿತ್ತು ಎಂದರೆ ನೀವು ನಂಬಬೇಕು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕುಂದಾಪುರದ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಕುತ್ತಿಗೆ ತಿರುಗಿಸಿ ತೆಗೆದು, ಡ್ರಾಪರಿನಲ್ಲಿ ಮಸಿ ತುಂಬುವ ಆ ಪೆನ್ನನ್ನು ಅಪ್ಪಯ್ಯ ಮಂಗಳೂರಿನಿಂದ ತಂದಿದ್ದರು. ತಿರುಪಿನ ಎಡೆಯಿಂದ ಜಿನುಗಿದ ಮಸಿ ನನ್ನ ಬೆರಳು, ಯೂನಿಫಾರ್ಮು, ಒಮ್ಮೆ ಪ್ರೇಯರ್ ಬುಕ್ಕನ್ನೂ ನೀಲಿ ಮಾಡಿದಾಗ ನಮ್ಮ ಇಂಗ್ಲಿಷ್ ಸಿಸ್ಟರ್, "ಚೈಲ್ಡ್, ಆರ್ ಯು ರೈಟಿಂಗ್ ಆರ್ ಬ್ಲೀಡಿಂಗ್?" ಎಂದು ಶಾಂತವಾಗಿ ಕೇಳಿದರು. ಆಮೇಲೆ ಅಷ್ಟೇ ಶಾಂತವಾಗಿ, ಉತ್ತರಪತ್ರಿಕೆಯ ಮೇಲೆ ಬ್ಲಾಟ್ ಬಿದ್ದರೆ ಎಕ್ಸಾಮಿನರ್ ಅದನ್ನು ಗುರುತಿನ ಚಿಹ್ನೆಯೆಂದು ತಿಳಿದು ಪೇಪರನ್ನೇ ಬದಿಗಿಡಬಹುದು ಎಂದರು. ಪಾಸಾದರೆ ಟೀಚರ್ ಟ್ರೈನಿಂಗು, ಫೇಲಾದರೆ ಬೈಂದೂರಿನಲ್ಲಿ ನೋಡಿಟ್ಟಿದ್ದ ಗಂಡು. ಮನೆಯಲ್ಲಿ ಹಾಗೆಂದು ಒಪ್ಪಂದವಾಗಿತ್ತು. ಗಂಡಿನ ಮೇಲೆ ನನಗೆ ದ್ವೇಷವಿರಲಿಲ್ಲ, ಪರಿಚಯವೂ ಇರಲಿಲ್ಲ.

ಪೇಟೆಯಲ್ಲಿ ಕೊಡೆ, ಟಾರ್ಚು, ಪೆನ್ನು ಮೂರನ್ನೂ ರಿಪೇರಿ ಮಾಡುವವರೊಬ್ಬರಿದ್ದರು. ಅವರು ಭೂತಗನ್ನಡಿಯಲ್ಲಿ ನೋಡಿ, "ಪೆನ್ ಒಳ್ಳೇದೇ, ಸೋರತ್ ಅಷ್ಟೇ. ತಿರುಪು ಸವ್ದಿತ್. ಹೊಸ್ತ್ ಮಂಗ್ಳೂರಿಂದ ಬರ್ಕ್, ಹದ್ನೈದ್ ದಿನ" ಎಂದರು. ನನ್ನ ಪರೀಕ್ಷೆಗೆ ಮೂರು ದಿನವಿತ್ತು.

ಶನಿವಾರ ದೋಣಿ, ಬಸ್ಸು ಹತ್ತಿ ಮರವಂತೆಯ ಮನೆಗೆ ಬಂದವಳು ನೀಲಿ ಕೈ ತೊಳೆಯಲು ಹೊಳೆಬದಿಗೆ ಹೋದೆ. ಅಲ್ಲಿ ನಮ್ಮ ನೆರೆಮನೆಯ ಮಂಜಜ್ಜ ದೋಣಿ ಕವುಚಿ ಹಾಕಿಕೊಂಡು, ಹಲಗೆಗಳ ಸಂದಿಗೆ ಹತ್ತಿ ತುರುಕಿ, ಕಾಯಿಸಿದ ರಾಳ ಮೆತ್ತುತ್ತಿದ್ದರು. ಊರಿನ ಅಷ್ಟೂ ದೋಣಿಗಳ ಸೋರಿಕೆ ನಿಲ್ಲಿಸುವವರು ಅವರೇ.

"ಎಂತ ಹೆಣೆ, ಮಸಿ ಕಾರು ಬೊಂಡಾಸ್ ಮೀನ್ ಹಿಡ್ದ್ಯಾ? ಕೈಯೆಲ್ಲ ಮಸಿ?"

"ಪೆನ್ ಸೋರತ್ ಅಜ್ಜ."

"ನೀರ್ ಒಳ್ಗ್ ಬಪ್ಪುದೂ ಒಂದೇ, ಮಸಿ ಹೊರ್ಗ್ ಹೋಪುದೂ ಒಂದೇ. ತುಂಬ್ಸ್ಕಂಡ್ ಬಾ. ಖಾಲಿ ಇದ್ರೆ ಎಲ್ಲ್ ಸೋರತ್ ಅಂದ್ ಹ್ಯಾಂಗ್ ಗೊತ್ತಾಪುದ್?"

ಕಂಠಮಟ್ಟ ತುಂಬಿಸಿ ತಂದುಕೊಟ್ಟೆ. ತಿರುಪಿನ ಸುತ್ತ ಒಂದೆಳೆ ಹತ್ತಿ, ಒಂದು ತೊಟ್ಟು ರಾಳ, ಮೇಲೆ ಗೇರೆಣ್ಣೆಯ ಕರಿಯ ಲೇಪ. ದೊಡ್ಡ ದೋಣಿಗೆ ಕೊಡುವಷ್ಟೇ ಮರ್ಯಾದೆಯನ್ನು ಅವರು ನನ್ನ ಪೆನ್ನಿಗೂ ಕೊಟ್ಟರು. ಒಣಗಿದ ಮೇಲೆ ಟೊಪ್ಪಿ ಹಾಕಿ, ದಾರ ಕಟ್ಟಿ ಹೊಳೆಗೆ ಇಳಿಬಿಟ್ಟು, ಒಂದು ಬೀಡಿ ಮುಗಿಯುವವರೆಗೆ ಕಾದರು. ನೀರು ನೀಲಿಯಾಗಲಿಲ್ಲ.

"ಕಾಣ್, ಇನ್ ಮುಂಬೈಗ್ ಹ್ವಾರೂ ಸೋರುದಿಲ್ಲೆ."

ನಾನು ಕುತ್ತಿಗೆ ತಿರುಗಿಸಿದೆ. ಅದು ತಿರುಗಲಿಲ್ಲ.

"ಅಜ್ಜ, ಇನ್ ಮಸಿ ತುಂಬ್ಸುದ್ ಹ್ಯಾಂಗೆ?"

ಮಂಜಜ್ಜ ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು. "ದೋಣಿಗ್ ಯಾರಾರೂ ನೀರ್ ತುಂಬ್ಸ್ತ್ರಾ ಹೆಣೆ?" ಎಂದರು.

ಕ್ಲಾಸಿನಲ್ಲಿ ಸ್ಪೇರ್ ಪೆನ್ ಇದ್ದವಳು ಒಬ್ಬಳೂ ಇರಲಿಲ್ಲ. ನಿಬ್ಬನ್ನು ದೌತಿಯಲ್ಲಿ ಅದ್ದಿ ಬರೆದರೆ ಮತ್ತದೇ ಬ್ಲಾಟು. ಅಂತೂ ಅಷ್ಟೂ ಪೇಪರುಗಳನ್ನು ಒಂದೇ ಸಲ ತುಂಬಿದ ಮಸಿಯಲ್ಲಿ ಮುಗಿಸಬೇಕಾಯಿತು. ಅದುವರೆಗೆ ನಾನು ಸೂರ್ಯಾಸ್ತವೊಂದಕ್ಕೆ ಒಂದೂವರೆ ಪುಟ ಕೊಡುತ್ತಿದ್ದವಳು. ಪ್ರತಿ ವಿಶೇಷಣವನ್ನೂ ಬಾಗಿಲಲ್ಲೇ ನಿಲ್ಲಿಸಿ, ನಿನ್ನಿಂದ ಏನು ಉಪಯೋಗ ಎಂದು ಕೇಳತೊಡಗಿದೆ. ಬಹಳಷ್ಟು ಹಿಂದಿರುಗಿ ಹೋದವು. ಕೊನೆಯ ದಿನ ಇಂಗ್ಲಿಷ್ ಎಸ್ಸೇಗೆ 'ಮೈ ವಿಲೇಜ್' ಬಂತು. ನಮ್ಮೂರಿನ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. ಸಮುದ್ರ ವರ್ಷವರ್ಷವೂ ಸ್ವಲ್ಪ ತಿನ್ನುತ್ತದೆ, ನಾವು ಅಭ್ಯಾಸ ಮಾಡಿಕೊಂಡಿದ್ದೇವೆ ಎಂದು ಬರೆದು ಮುಗಿಸಿದೆ. ಇಂಗ್ಲಿಷಿನಲ್ಲೇ ನನಗೆ ಹೆಚ್ಚು ಮಾರ್ಕು ಬಂತು. "ಅಟ್ ಲಾಸ್ಟ್, ಯು ಹ್ಯಾವ್ ಲರ್ನ್ಟ್ ಟು ಸ್ಟಾಪ್" ಎಂದರು ಸಿಸ್ಟರ್. ಬೈಂದೂರಿನವರು ಬೇರೆ ಕಡೆ ಹೆಣ್ಣು ನೋಡಿದರು.

ಬೆಳಕಿಗೆ ಹಿಡಿದಾಗ ಪೆನ್ನಿನಲ್ಲಿ ಇನ್ನೂ ಮಸಿ ಉಳಿದಿತ್ತು. ನಾನು ಬೇಕಾದದ್ದಕ್ಕಿಂತ ಹೆಚ್ಚೇ ಉಳಿಸಿಬಿಟ್ಟಿದ್ದೆ. ಅಂಥ ಮಸಿಯನ್ನು ಕಂಡಕಂಡದ್ದಕ್ಕೆ ಸುರಿಯುವುದುಂಟೇ? ಏನಾದರೂ ಬರೆಯತಕ್ಕದ್ದನ್ನು ಬರೆಯಲು ಎಂದು ಜೋಪಾನ ಮಾಡಿದೆ. ಬ್ರಹ್ಮಾವರದ ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ಮಂಜಜ್ಜನಿಗೆ ಎರಡು ಸಾಲು ಬರೆಯಬೇಕೆಂದುಕೊಂಡೆ. ಸಂಬಳ ಬಂದ ಮೇಲೆ ಬರೆದರಾಯಿತು, ಮದುವೆಯಾದ ಮೇಲೆ ಬರೆದರಾಯಿತು ಎಂದು ಮುಂದೆ ಹಾಕಿದೆ. ಸೋರುವ ಪೆನ್ನಾಗಿದ್ದರೆ ಹಾಗೆ ಕಾಯಲು ಬಿಡುತ್ತಿರಲಿಲ್ಲ. ಮಂಜಜ್ಜ ತೀರಿಹೋದರೆಂದು ಊರಿನಿಂದ ಕಾಗದ ಬಂದ ದಿನ ಪೆನ್ನು ತೆಗೆದು ನೋಡಿದೆ. ನಿಬ್ಬು ಗೀಚಿತು, ಮೂಡಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಓದಿ ಹೇಳುವವರು ಆ ಮನೆಯಲ್ಲಿ ನಾಲ್ಕು ಜನ ಇದ್ದರು.

ಈ ಪ್ರಬಂಧವನ್ನು ಬಾಲ್ ಪೆನ್ನಿನಲ್ಲಿ, ಅಗತ್ಯಕ್ಕಿಂತ ಉದ್ದವಾಗಿ ಬರೆದಿದ್ದೇನೆ. ಮುಗಿಸುವ ಮುನ್ನ ಡ್ರಾಯರ್ ತೆಗೆದು ಹಸಿರು ಪೆನ್ನನ್ನು ಕಿವಿಯ ಬಳಿ ಅಲುಗಿಸಿದೆ. ಒಳಗೆ ಒಣಗಿದ ಮಸಿ ಸಣ್ಣಗೆ ಗಿಲಗಿಲ ಎಂದಿತು. ರಾಳ ಎಲ್ಲಿಯೂ ಬಿರುಕು ಬಿಟ್ಟಿಲ್ಲ.