ನೇರ ಹೋಗದ ಪೈಪು

ನಮ್ಮ ಮಾವ ನಗರಸಭೆಯ ಗಾಲ್ಫ್ ಮೈದಾನದಲ್ಲಿ ಮೂವತ್ತೊಂದು ವರ್ಷದಿಂದ ಮೇಸ್ತ್ರಿ. ಸೊಸೆ ನಾನು ಅದೇ ನಗರಸಭೆಯಲ್ಲಿ ಹಳೆಯ ನಕ್ಷೆಗಳನ್ನು ಹುಡುಕಿ ಕೊಡುವವಳು. ಮಾವ ಮನುಷ್ಯರನ್ನು ಬೈದು ಮಾತಾಡಿಸುತ್ತಾರೆ, ಹುಲ್ಲನ್ನು ಬಗ್ಗಿ ಮಾತಾಡಿಸುತ್ತಾರೆ. ಇಂಥವರ ಜೊತೆ ಬಾಳುವೆ ಮಾಡಿದ ನಮ್ಮತ್ತೆಯ ತಾಳ್ಮೆಗೆ ದೊಡ್ಡ ನಮಸ್ಕಾರ.

ಈ ವರ್ಷ ಮೈದಾನಕ್ಕೆ ಕಂಟಕ ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಒಂದು ಮೂಲೆಯನ್ನು ಹೊಸ ರಸ್ತೆ ಕೇಳಿತು, ಇನ್ನೊಂದರ ಮೇಲೆ ಹೈ ಟೆನ್ಷನ್ ತಂತಿ ಬಂತು. ನಡುವೆ ನೆಲದೊಳಗೆ ಊರಿಗೆಲ್ಲ ಕುಡಿಯುವ ನೀರಿನ ದೊಡ್ಡ ಪೈಪು. ಅದರ ಎರಡೂ ಬದಿಗೆ ಹದಿನೈದು ಮೀಟರ್ ಅಗೆಯುವ ಹಾಗಿಲ್ಲ, ಮಣ್ಣು ಏರಿಸುವ ಹಾಗಿಲ್ಲ. ಆಟಕ್ಕೆ ಒಂಬತ್ತು ಕುಳಿ ಬೇಕು, ಒಂದೊಂದಕ್ಕೂ ಉದ್ದನೆಯ ಹುಲ್ಲಿನ ಜಾಗ ಬೇಕು. ಎಂಜಿನಿಯರ್ ಮೇಡಂ ಹೇಗೆ ಗೀಚಿದರೂ ಎಂಟೇ ಆದವು. ಒಂಬತ್ತು ಕೂರದಿದ್ದರೆ ಮೈದಾನ ಮುಚ್ಚಿ ಬಸ್ ಡಿಪೋ ಮಾಡುತ್ತೇವೆ ಎಂದು ನಗರಸಭೆಯ ಸದಸ್ಯರು ಹೇಳಿಬಿಟ್ಟರು.

ಆ ವಾರ ಮಾವ ಒಬ್ಬರನ್ನೂ ಬೈಯಲಿಲ್ಲ. ನಿವೃತ್ತಿಗೆ ನಾಲ್ಕೇ ತಿಂಗಳು, ಅದಕ್ಕೇ ಮಂಕಾಗಿದ್ದಾರೆ ಅಂದುಕೊಂಡೆ. ಪೈಪಿನ ಮಾತು ಬಂದಾಗಲೆಲ್ಲ ಅವರು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದದ್ದು ನನಗೆ ಹೊಳೆಯಲೇ ಇಲ್ಲ.

ಶುಕ್ರವಾರ ಮೈದಾನದ ತಗಡಿನ ಶೆಡ್ಡಿನಲ್ಲಿ, ನಾನು ತಂದುಕೊಟ್ಟ ಹಳೆಯ ನಕ್ಷೆಯನ್ನು ಮೇಡಂ ಸುತ್ತಿಟ್ಟರು. "ನನ್ ಕೈಲಿ ಆಗಲ್ಲ ಮೇಸ್ತ್ರಿಗಳೇ. ಪೈಪು ನೇರ ನಡುವೆ ಹೋಗಿದೆ."

"ನೇರ ಹೋಗಿಲ್ಲ, ಮೇಡಂ," ಎಂದರು ಮಾವ.

ಹತ್ತೊಂಬತ್ತು ವರ್ಷದ ಹಿಂದಿನ ಕಥೆ ಆಗ ಹೊರಬಂತು. ಪೈಪಿನ ದಾರಿಯಲ್ಲಿ ಅವರು ಎರಡು ವರ್ಷ ಕಳೆ ಕಿತ್ತು ಬೆಳೆಸಿದ ಹುಲ್ಲುಹಾಸಿತ್ತು. ಆಗಿನ ಎಂಜಿನಿಯರ್ ರಜೆಯಲ್ಲಿದ್ದಾಗ, ಕಾಲುವೆ ತೋಡುವವರ ಕೈಕಾಲು ಹಿಡಿದು, ವಾರವಿಡೀ ಚಹಾ ಕುಡಿಸಿ, ಪೈಪನ್ನು ಬೇಲಿಯ ಪಕ್ಕಕ್ಕೆ ತಿರುಗಿಸಿದ್ದರು. ನಕ್ಷೆಯಲ್ಲಿ ಮಾತ್ರ ಗೆರೆ ನೇರವಾಗಿಯೇ ಉಳಿಯಿತು.

"ಬರೆದು ಕೊಡ್ತೀರಾ?" ಮೇಡಂ ಕೇಳಿದರು.

ಮಾವ ಅಲ್ಲೇ ಬರೆದು ಸಹಿ ಹಾಕಿದರು. ಹೊರಗೆ ಬಂದಮೇಲೆ ರೇಗಿದೆ. "ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು ಮಾವ? ಕೆಲಸಕ್ಕೇ ಕುತ್ತು ತಂದ್ಕೊಂಡ್ರಲ್ಲ."

"ಮೈದಾನ ಹೋಗ್ತಿತ್ತು ಕಣಮ್ಮ," ಎಂದರಷ್ಟೆ.

ಸೋಮವಾರ ಎರಡು ಕಡೆ ಅಗೆದು ನೋಡಿದರು. ನಕ್ಷೆಯ ಗೆರೆಯ ಕೆಳಗೆ ಬರೀ ಮಣ್ಣು. ಬೇಲಿಯ ಹತ್ತಿರ ಐದು ಅಡಿ ಆಳದಲ್ಲಿ ಪೈಪು. ನಡುವಿನ ಇನ್ನೂರು ಮೀಟರ್ ಬಿಡುಗಡೆಯಾಯಿತು, ಒಂಬತ್ತನೆಯ ಕುಳಿ ಆರಾಮಾಗಿ ಕೂತಿತು. ಮೇಡಂ ಮೇಜಿಗೆ ಒರಗಿ ನಕ್ಕೇ ನಕ್ಕರು. ಆಮೇಲೆ ನಿಯಮದ ಪ್ರಕಾರ ವರದಿಯನ್ನೂ ಕಳಿಸಿದರು. ಮಾವನಿಗೆ ಮೂರು ತಿಂಗಳ ಅಮಾನತು.

ಅಮಾನತಾದವರು ಮೈದಾನದೊಳಗೆ ಕಾಲಿಡುವ ಹಾಗಿಲ್ಲ. ಮಾವ ಕಾಲಿಡಲಿಲ್ಲ, ಬೇಲಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಹುಲ್ಲು ನೆಡುವವರಿಗೆ ಅಲ್ಲಿಂದಲೇ ಬೈಗುಳ ಸಪ್ಲೈ. ಕೆಲಸದವರೂ ಏನಾದರೂ ಕೇಳುವುದಿದ್ದರೆ ಬೇಲಿಗೇ ಬರುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡುತ್ತಾ ಕೇಳಿದೆ, "ಬೇಜಾರಿಲ್ವಾ ಮಾವ?"

"ಇದೆ. ಆದ್ರೆ ನಲ್ಲೀಲಿ ನೀರು ಸಣ್ಣಗೆ ಬಂದಾಗೆಲ್ಲ ನನ್ ಎದೆ ಧಸಕ್ ಅಂತಿತ್ತಮ್ಮ. ಪೈಪು ಒಡೆದ್ರೆ ಇವರು ತಪ್ಪು ಜಾಗ ಅಗೀತಾ ಕೂರ್ತಾರೆ, ಊರು ನೀರಿಲ್ದೆ ಒದ್ದಾಡುತ್ತೆ ಅಂತ. ಈಗ ಎಲ್ಲಿ ಅಗೀಬೇಕು ಅಂತ ಅವರಿಗೂ ಗೊತ್ತು."

ಉಂಡು, ಕುರ್ಚಿಯಲ್ಲೇ ಕಾಲು ಚಾಚಿ ಗೊರಕೆ ಹೊಡೆಯತೊಡಗಿದರು. ಒಳಗಿನಿಂದ ಯಾರೋ "ಮೇಸ್ತ್ರಿಗಳೇ" ಎಂದು ಕೂಗಿದರು. ಮಲಗಿದ್ದಾರೆ, ಆಮೇಲೆ ಬನ್ನಿ ಎಂದು ನಾನು ಕೈಸನ್ನೆ ಮಾಡಿದೆ.